ನಾಲ್ಕನೇ ನಂಬರಿನ ಓಡಾಟ

ಹಾರವಾಡದ ಕಡಲಿನಲ್ಲಿ ಮುಳುಗಿಸಿಟ್ಟ ಏಳು ಯಂತ್ರಗಳಲ್ಲಿ ನಾಲ್ಕನೆಯದು ಓಡಾಡುತ್ತಿದೆ ಎಂದು ಭರತನಿಗೆ ಗೊತ್ತಾದಾಗ ಅವನ ಬಾಯಲ್ಲಿ ಅವಲಕ್ಕಿ ಇತ್ತು. ನಿನ್ನೆ ದಕ್ಷಿಣಕ್ಕಿದ್ದದ್ದು ಇವತ್ತು ದಡದ ಹತ್ತಿರ!

ಈ ಯಂತ್ರಗಳು ನೀರಿನ ಬಿಸಿ ಅಳೆದು, ಆ ಮಾಹಿತಿಯನ್ನು ಸದ್ದಿನ ಮೂಲಕ ಒಂದರಿಂದ ಒಂದಕ್ಕೆ ದಾಟಿಸಿ ದಡ ಮುಟ್ಟಿಸಬೇಕು. ಯಾವುದು ಯಾವುದಕ್ಕೆ ಕೊಡಬೇಕೆಂಬುದನ್ನು ತಾನಾಗಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಮೊಂದು ನಿರ್ಧರಿಸುತ್ತಿತ್ತು. ಮಾಹಿತಿಯೆಲ್ಲ ನೇರ ಮಂಗಳೂರಿನ ಆಫೀಸಿಗೆ ಹೋಗುತ್ತಿತ್ತು. ಭರತನ ಪಾಲಿಗೆ ಪರದೆಯ ಮೇಲಿನ ಏಳು ಚುಕ್ಕೆ ಮಾತ್ರ. ದಿನಾ ಏಳೂ ಇವೆಯೇ ಎಂದು ಎಣಿಸುತ್ತಿದ್ದನೇ ಹೊರತು ಎಲ್ಲೆಲ್ಲಿವೆ ಎಂದು ನೋಡುತ್ತಿದ್ದದ್ದು ಅಪರೂಪ. ಅವುಗಳನ್ನು ಕಾಯುತ್ತ ಶಿರವಾಡದ ಬಾಡಿಗೆ ಕೋಣೆಯಲ್ಲಿ ಎಂಟು ತಿಂಗಳಿಂದ ಒಬ್ಬನೇ ಕೂತಿದ್ದ. ಅವನನ್ನು ಹೆಸರು ಹಿಡಿದು ಕರೆಯುವವರೆಂದರೆ ಫೋನಿನಲ್ಲಿ ಆ ಆಫೀಸಿನ ವೈಜಯಂತಿ ಮೇಡಂ ಒಬ್ಬರೇ. ಪ್ರೋಗ್ರಾಮು ಚೆನ್ನಾಗಿ ಕಲಿತ ದಿನ ಆಫೀಸಿಗೆ ಕರೆಸಿಕೊಳ್ಳುತ್ತೇನೆ ಎಂದಿದ್ದರು.

ಬೈಕು ಹತ್ತಿ ಹಾರವಾಡಕ್ಕೆ ಓಡಿದ. ದಡದಲ್ಲಿ ಮೀನುಗಾರ ಬೊಮ್ಮಯ್ಯನ ದೋಣಿ. ಅದರ ಹಗ್ಗದ ತುದಿಗೆ ಲಂಗರಿನ ಬದಲು ಹಳದಿ ಬಣ್ಣದ ನಾಲ್ಕನೇ ನಂಬರು!

"ಇದು ನಮ್ಮದು!"

"ಹದ್ನೈದ್ ದಿನದ ಹಿಂದೆ ಬಲೆಗೆ ಸಿಕ್ತು. ಭಾರ ಚಲೋ ಇತ್ತು, ಕಟ್ಕಂಡೆ," ಎಂದ ಬೊಮ್ಮಯ್ಯ.

"ಬಾಂಬ್ ಅಲ್ಲ ಅಲ್ರಾ?" ನೆರೆಮನೆಯ ಸುಬ್ಬ ಹಿಂದೆ ಸರಿದ.

"ಮೊದ್ಲು ಚಾ ಕುಡೀಲಿ ಪಾಪ, ಹೆಂಗೆ ಬೆವರ್ತಿದಾರೆ ನೋಡಿ," ಎಂದು ಬೊಮ್ಮಯ್ಯನ ಹೆಂಡತಿ ರುಕ್ಮಿಣಿ ಲೋಟ ತಂದಳು.

ಲೋಟ ಕೈಗೆ ಬಂದದ್ದೇ ಭರತನಿಗೆ ಎಂಟು ತಿಂಗಳ ಮಾತು ಒಡ್ಡು ಒಡೆದಂತೆ ನುಗ್ಗಿ ಬಂತು. ಸದ್ದು, ನೀರು, ಪ್ರೋಗ್ರಾಮು ಎಲ್ಲ ವಿವರಿಸಿದ. ತಲೆ ಎತ್ತಿದರೆ ಸುತ್ತ ಸೇರಿದ್ದ ಜನ ಒಬ್ಬೊಬ್ಬರಾಗಿ ಎದ್ದುಹೋಗಿದ್ದರು. ಉಳಿದವರಲ್ಲಿ ಸುಬ್ಬ ಗೊರಕೆ ಹೊಡೆಯುತ್ತಿದ್ದ. ಆದರೂ ಭರತ ಪೂರ್ತಿ ಹೇಳಿ ಮುಗಿಸಿದ.

"ಯಂತ್ರ ಕೊಡ್ತೆ. ದೋಣಿಗೆ ಬೇರೆ ಲಂಗರು ಬೇಕಲ್ರಾ?" ಎಂದ ಬೊಮ್ಮಯ್ಯ.

ಭರತ ಅಂಕೋಲೆಗೆ ಹೋಗಿ ಹೊಸ ಕಬ್ಬಿಣದ ಲಂಗರು ತಂದುಕೊಟ್ಟ. ಅದೇ ದೋಣಿಯಲ್ಲಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಡಲಿಗೆ ಒಪ್ಪಿಸುತ್ತ, ಯಂತ್ರವನ್ನು ಅದರ ಜಾಗದಲ್ಲಿ ಮುಳುಗಿಸಿ ಬಂದ. ಸಂಜೆ ಕೋಣೆಯಲ್ಲಿ ನೋಡಿದರೆ ಏಳೂ ಚುಕ್ಕೆ ಶಾಲೆಯ ಮಕ್ಕಳಂತೆ ತಂತಮ್ಮ ಜಾಗದಲ್ಲಿದ್ದವು.

ವೈಜಯಂತಿ ಮೇಡಂ ಫೋನು ಬಂತು. "ಭರತ, ಏನಾಯ್ತು? ಮಾಹಿತಿ ಬರುವುದೇ ನಿಂತಿದೆ!"

ಭರತ ನಡೆದದ್ದನ್ನು ಹೆಮ್ಮೆಯಿಂದ ಹೇಳಿದ.

"ಅಯ್ಯೋ! ಆ ಯಂತ್ರ ದೋಣಿಯ ಜೊತೆ ಉಳಿದ ಆರರ ಹತ್ತಿರವೂ ಹೋಗಿ ಬರುತ್ತಿತ್ತು. ಎಲ್ಲವನ್ನೂ ಅದಕ್ಕೇ ಕೊಟ್ಟು ದಡಕ್ಕೆ ಕಳಿಸುವುದನ್ನು ಪ್ರೋಗ್ರಾಮು ಕಲಿತಿತ್ತು. ಹದಿನೈದು ದಿನ ಒಂದೂ ತಪ್ಪಿಲ್ಲ! ನಿಮ್ಮನ್ನು ಕರೆಸಿಕೊಳ್ಳುವ ಆರ್ಡರಿಗೆ ಮಧ್ಯಾಹ್ನವಷ್ಟೇ ಸಹಿ ಹಾಕಿದ್ದೆ. ಆ ಯಂತ್ರವನ್ನು ಮತ್ತೆ ದೋಣಿಗೆ ಕಟ್ಟಿಸಿ. ಇಲ್ಲವಾದರೆ ಇನ್ನೊಂದು ವರ್ಷ ನೀವು ಅಲ್ಲೇ."

ಭರತ ಬೊಮ್ಮಯ್ಯನಿಗೆ ಫೋನು ಹಚ್ಚಿ ಅಂಗಲಾಚಿದ.

"ಎಂತಕ್ಕೆ ಮಾರಾಯ್ರೆ?" ಎಂದ ಬೊಮ್ಮಯ್ಯ. "ನೀವು ಕೊಡ್ಸಿದ ಲಂಗರು ಭಾರೀ ಚಲೋ ಕಚ್ತದೆ. ಆ ಹಳದಿ ಡಬ್ಬಿ ಇನ್ ನಂಗೆ ಬ್ಯಾಡ."