ಅತ್ತೆಯ ಮನೆಯ ಎರಡನೆಯವರು

ನನ್ನ ಸೋದರತ್ತೆಯ ಮನೆಗೆ ಹೋದವರು ಇಬ್ಬರಿಗೆ ನಮಸ್ಕಾರ ಮಾಡಬೇಕಿತ್ತು. ಅವರಲ್ಲಿ ಒಬ್ಬರು ಮಾತ್ರ ಕಾಣುತ್ತಿದ್ದರು ಎಂಬುದು ಅತ್ತೆಯ ಪಾಲಿಗೆ ಸಣ್ಣ ವಿಷಯ.

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಆ ಮನೆಯಲ್ಲಿ, ಮದುವೆಯಾಗದ ಅತ್ತೆಯೂ ಅವರ ಜೊತೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಗೆಳತಿಯೂ ಪ್ರಾಯದ ದಿನಗಳಿಂದ ಒಟ್ಟಿಗೇ ಬಾಳಿದರು. ಆ ಗೆಳತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಉಪ್ಪಿಟ್ಟಿಗೆ ಈರುಳ್ಳಿ ಬೇಕೇ ಬೇಡವೇ ಎಂದು ಅವರಿಬ್ಬರೂ ಮೂರು ಹೊತ್ತೂ ಜಗಳವಾಡುವುದನ್ನು ಕಂಡ ಯಾರಿಗೆ ತಾನೇ ಅದು ಸಂಸಾರವಲ್ಲ ಎನ್ನಿಸೀತು?

ಆಸ್ಪತ್ರೆಯವರಿಗೆ ಎನ್ನಿಸಿತು. ಕಳೆದ ವರ್ಷ ಅಕ್ಕ ತೀರಿಕೊಂಡಾಗ, "ನೀವು ಅವರಿಗೆ ಏನಾಗ್ಬೇಕು?" ಎಂದು ಕೇಳಿದರು. ಅತ್ತೆ ಬಾಯಿ ತೆರೆದರು, ಮಾತು ಹೊರಡಲಿಲ್ಲ.

"ರಕ್ತ ಸಂಬಂಧಿಕರನ್ನ ಕರೆಸಿ ಮೇಡಂ. ಕಾನೂನು ಹಂಗಿದೆ."

ಹೊಸೂರಿನಿಂದ ಅಕ್ಕನ ಯಾರೋ ದೂರದ ತಮ್ಮನ ಮಗ ಬಂದ. ಸಹಿ ಹಾಕುವ ಮುನ್ನ ಅತ್ತೆಯನ್ನೇ ಕೇಳಿದ: "ಆಂಟಿ, ಇವರ ಪೂರ್ತಿ ಹೆಸರೇನು?"

ಅಂದಿನಿಂದ ಅತ್ತೆ ಎರಡು ಲೋಟ ಕಾಫಿ ಮಾಡತೊಡಗಿದರು. ಖಾಲಿ ಕುರ್ಚಿಯ ಮುಂದಿಟ್ಟ ಲೋಟದಲ್ಲಿ ಕಾಫಿ ಇಳಿಯುತ್ತಿತ್ತು. ಆವಿಯಾಗಿರಬೇಕು ಎಂದುಕೊಂಡೆ. ಆದರೆ ಸಕ್ಕರೆ ಮರೆತ ದಿನ ಅದು ಇದ್ದ ಹಾಗೇ ಉಳಿಯುತ್ತಿತ್ತು. ಅಕ್ಕನಿಗೆ ಸಿಹಿ ಜಾಸ್ತಿಯೇ ಬೇಕಿತ್ತು.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ ಸರ್ಕಾರದ ಸಮೀಕ್ಷೆಯವರೊಬ್ಬರು ಬಂದರು.

"ಮನೇಲಿ ಎಷ್ಟು ಜನ ಮೇಡಂ?"

"ಇಬ್ರು."

"ಇನ್ನೊಬ್ರು ಇವರಾ?" ಎಂದು ನನ್ನತ್ತ ನೋಡಿದರು.

"ಇವನು ಬರೀ ನೆಂಟ. ಇನ್ನೊಬ್ರು ಒಳಗಿದ್ದಾರೆ."

ಒಳಗೆ ಚಪ್ಪಲಿ ಎಳೆದುಕೊಂಡು ಯಾರೋ ನಡೆದ ಸದ್ದಾಯಿತು. ಆತ ತಲೆಯಾಡಿಸಿ ಮೊಬೈಲಿನಲ್ಲಿ ಒತ್ತಿಕೊಂಡರು. ನಾನು ಒಳಬಾಗಿಲತ್ತ ತಿರುಗಿ ನೋಡಿದೆ. ಆಗಷ್ಟೇ ಒಳಗೆ ಹೋಗಿ ನೀರು ಕುಡಿದು ಬಂದಿದ್ದೆ. ಅಲ್ಲಿ ಯಾರೂ ಇರಲಿಲ್ಲ.

"ಅವರು ನಿಮಗೆ ಏನಾಗ್ಬೇಕು? ಅಕ್ಕ ತಂಗೀನಾ?"

"ಅಲ್ಲ."

"ಬಾಡಿಗೆಗಿದ್ದಾರಾ? ಕೆಲಸದೋರಾ?"

ಒಳಗಿನ ನಡಿಗೆ ನಿಂತಿತು.

"ಹಂಗಾದ್ರೆ 'ಇತರೆ' ಅಂತ ಹಾಕ್ತೀನಿ."

ಅಡುಗೆಮನೆಯಲ್ಲಿ ಪಾತ್ರೆಯೊಂದು ದಬಾರನೆ ಬಿತ್ತು.

"ನೋಡಿ, ಬೇಜಾರಾಯ್ತು ಅವಳಿಗೆ," ಎಂದರು ಅತ್ತೆ.

"ಸಾರಿ ಮೇಡಂ, ಸರ್ಕಾರ ಕೊಟ್ಟಿರೋ ಸಂಬಂಧಗಳೇ ಇಷ್ಟು," ಎಂದು ಆತ ಒಳಕ್ಕೆ ಕೇಳುವಂತೆ ಹೇಳಿ ಹೊರಟುಹೋದರು. ಯಾರಿಗೆ ಯಾರು ಸ್ವಂತ ಎನ್ನುವುದನ್ನು ಸರ್ಕಾರ ಹೇಳಿಕೊಡಬೇಕೇ?

"ಅತ್ತೆ, ಅಕ್ಕ ಹೋಗಿ ವರ್ಷ ಆಯ್ತಲ್ವಾ?" ಎಂದೆ ಮೆಲ್ಲಗೆ.

"ಗೊತ್ತು ಕಣೋ. ಕಣ್ಣು ಮುಚ್ಚಿಸಿದ್ದೇ ನಾನು. ಆವತ್ತು ಆಸ್ಪತ್ರೇಲಿ ಕೇಳಿದ್ರಲ್ಲ, ನಾನೊಂದು ಮಾತೂ ಆಡ್ಲಿಲ್ಲ. ಆ ಉತ್ತರ ಕೇಳಿಸ್ಕೊಳ್ದೆ ಹೋಗಲ್ಲ ಅವಳು."

"ಈಗ ಹೇಳಿ ಅತ್ತೆ."

ಅತ್ತೆ ಅಡುಗೆಮನೆಯ ಕಡೆ ತಿರುಗಿದರು. ಸೆರಗು ಸರಿಪಡಿಸಿಕೊಂಡು, ಹೊಸಬರಿಗೆ ಪರಿಚಯ ಮಾಡಿಕೊಡುವವರಂತೆ ಹೇಳಿದರು:

"ಇವರು ನಮ್ಮನೆಯವರು."

ಒಳಗೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಅದಾದ ಮೇಲೆ ಏನೂ ಕೇಳಿಸಲಿಲ್ಲ. ಅತ್ತೆ ನನ್ನ ತೋಳು ಹಿಡಿದುಕೊಂಡು ಅತ್ತರು. ಅಕ್ಕ ಹೋದ ಮೇಲೆ ಅವರು ಅತ್ತದ್ದು ಅಂದೇ ಮೊದಲು.