ಕಪ್ಪು ಕೋಟೆಯ ದೊರೆಗೆ: ಮೂರನೆಯ ಉತ್ತರವೊಂದು ಬೇಕಾಗಿದೆ

ಹರಿಹರ,
ಜೂನ್ 1998

ಮಹಾದುಷ್ಟ ಚಕ್ರವರ್ತಿ ಝೊರ್ಮಲ್ ಅವರಿಗೆ,
ಕಪ್ಪು ಕೋಟೆ, ಏಳನೆಯ ಅಂತಸ್ತು,
ನಮ್ಮ ಟಿವಿ ಗೇಮಿನ ಹಳದಿ ಕ್ಯಾಸೆಟ್ಟಿನೊಳಗೆ.

ಮಾನ್ಯರೇ,

ಜಗತ್ತನ್ನು ಕತ್ತಲಲ್ಲಿ ಮುಳುಗಿಸುವ ಕಾರ್ಯಭಾರದ ನಡುವೆಯೂ ಈ ಬಡಪಾಯಿಯ ಕಾಗದಕ್ಕೆ ಬಿಡುವು ಮಾಡಿಕೊಂಡ ತಮಗೆ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಾವು ಕಳೆದ ಭಾನುವಾರ ನಮ್ಮ ಮನೆಯಲ್ಲೇ ಸತ್ತಿದ್ದರೂ, ಸೋಮವಾರ ಸ್ವಿಚ್ ಹಾಕಿದೊಡನೆ ಅದೇ ಸಿಂಹಾಸನದ ಮೇಲೆ ಅದೇ ಮೀಸೆಯೊಂದಿಗೆ ಕುಳಿತಿದ್ದನ್ನು ಕಂಡು ಮನಸ್ಸಿಗೆ ಸಮಾಧಾನವಾಯಿತು.

ಮೊದಲು ತಮ್ಮ ಸೌಜನ್ಯದ ಬಗ್ಗೆ ನಾಲ್ಕು ಮಾತು. ತಮ್ಮ ಕೈಕೆಳಗಿನ ರಾಕ್ಷಸರು ಪೊದೆಯಿಂದ ಹಾರಿ ಕಚ್ಚುತ್ತಾರೆಯೇ ಹೊರತು ಒಂದು ಮಾತೂ ಕೇಳುವುದಿಲ್ಲ. ತಾವು ಮಾತ್ರ ಕೊಲ್ಲುವ ಮುಂಚೆ ಎದ್ದು ನಿಂತು, ‘ಎಲೈ ವೀರನೇ, ನನ್ನನ್ನು ಕಂಡು ನಿನಗೆ ಭಯವೇ?’ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿ, ಉತ್ತರ ಹುಡುಕುವ ಶ್ರಮವೂ ಬೇಡವೆಂದು ‘ಹೌದು’, ‘ಇಲ್ಲ’ ಎರಡನ್ನೂ ಬರೆದೇ ಇಟ್ಟಿರುತ್ತೀರಿ. ಇಂಥ ಪರೀಕ್ಷೆ ನಮ್ಮ ಶಾಲೆಯಲ್ಲಿದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಕಾಲೇಜು ಸೇರಿರುತ್ತಿದ್ದೆ.

ನನ್ನ ದೂರು ಆ ಪ್ರಶ್ನೆಯ ಮೇಲೆಯೇ. ತಮಗೆ ಆರು ಕೊಂಬು, ಬಾಯಿ ತೆರೆದರೆ ಬೆಂಕಿ. ನನಗೆ ಭಯವಾಗುತ್ತದೆ. ಆದ್ದರಿಂದ ‘ಹೌದು’ ಒತ್ತಿದೆ. ತಾವು ಗಹಗಹಿಸಿ ನಕ್ಕು, ನನ್ನನ್ನು ಎತ್ತಿ ಮೊಟ್ಟಮೊದಲ ಊರಿನ ಬಾವಿಕಟ್ಟೆಗೆ ಎಸೆದಿರಿ. ಅಲ್ಲಿಂದ ಮತ್ತೆ ತಮ್ಮ ಏಳನೆಯ ಅಂತಸ್ತಿಗೆ ಮೂರು ತಾಸಿನ ದಾರಿ. ಹೀಗೆ ಹನ್ನೊಂದು ಸಲ. ‘ಇಲ್ಲ’ ಒತ್ತಿದರೆ ಮಾತ್ರ ಯುದ್ಧ ಶುರುವಾಗುತ್ತದೆಂದು ಗೊತ್ತಿದ್ದೂ ಬೆರಳು ಅತ್ತ ಹೋಗಲಿಲ್ಲ. ಇದು ನನ್ನ ಹಳೆಯ ಕಾಯಿಲೆ. ಹತ್ತನೆಯ ತರಗತಿಯಲ್ಲಿ ಗಣಿತದ ಮೇಷ್ಟ್ರು ದಿನಾ ‘ಅರ್ಥ ಆಯ್ತೇನ್ರೋ?’ ಎಂದು ಕೇಳುತ್ತಿದ್ದರು; ನಲವತ್ತೆರಡು ಜನ ‘ಆಯ್ತು ಸಾರ್’ ಎಂದರೆ ನಾನೊಬ್ಬ ‘ಇಲ್ಲ ಸಾರ್’ ಎನ್ನುತ್ತಿದ್ದೆ. ದಿನಾ ಹೊರಗೆ ನಿಲ್ಲಿಸಿದರು. ಹೇಗೂ ಹೊರಗೇ ಇದ್ದೇನಲ್ಲ ಎಂದು ಒಂದು ದಿನ ಮನೆಗೆ ಬಂದವನು ಮತ್ತೆ ಹೋಗಲಿಲ್ಲ.

ತಮ್ಮ ಜಗತ್ತನ್ನು ಉಳಿಸುವ ಆಸೆ ನನಗೆ ಅಷ್ಟಾಗಿ ಇರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ನನ್ನ ಆಸೆಯೆಲ್ಲ ಬಸ್ ನಿಲ್ದಾಣದ ಹಿಂದಿರುವ ವಾಮದೇವಪ್ಪನವರ ಟಿವಿ ರಿಪೇರಿ ಅಂಗಡಿಯ ಮೇಲೆ. ಅವರು ಕೆಲಸ ಕಲಿಸಲು ಒಪ್ಪಿದ್ದರು. ಬಟ್ಟೆ ಅಂಗಡಿಯಲ್ಲಿ ಗಜಗೋಲು ಹಿಡಿಯುವ ನಮ್ಮಪ್ಪ ಉಜ್ಜನಪ್ಪನವರು ಮಾತ್ರ ದಾವಣಗೆರೆಯ ಟ್ಯುಟೋರಿಯಲ್ಲಿಗೆ ನನ್ನ ಹೆಸರು ಬರೆಸಿ ಬಂದು, ‘ಶಾಲೆ ಅರ್ಧಕ್ಕೆ ಬಿಟ್ಟೆ, ಟೈಪಿಂಗ್ ಅರ್ಧಕ್ಕೆ ಬಿಟ್ಟೆ. ಹಿಡಿದಿದ್ದು ಒಂದನ್ನಾದ್ರೂ ಮುಗಿಸಿ ತೋರ್ಸಲೇ! ಸೋಮವಾರದೊಳಗೆ ಆ ಕೊಂಬಿನವನ್ನ ನೀನೇ ಹೊಡೆದ್ ಹಾಕಿದ್ರೆ ಅಂಗಡಿ, ಇಲ್ಲಾಂದ್ರೆ ಟ್ಯುಟೋರಿಯಲ್’ ಎಂದುಬಿಟ್ಟರು.

ಭಾನುವಾರ ಮಧ್ಯಾಹ್ನ ಹನ್ನೆರಡನೆಯ ಸಲ ನಾನು ತಮ್ಮ ಮುಂದೆ ಬೆವರುತ್ತಿದ್ದಾಗ, ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ನಮ್ಮಜ್ಜಿ ಕೊಟ್ರವ್ವ, ‘ಏನ್ ಕೇಳ್ತಾನೋ ಈ ಜೋರ್ಮಲ್ಲಪ್ಪ?’ ಎಂದರು. ಹೇಳಿದೆ.

‘ಇಲ್ಲ ಅನ್ನು, ಮುಗೀತು.’

‘ಸುಳ್ಳಾಗ್ತೈತಲ್ಲಜ್ಜಿ.’

‘ನಿಂಗೆ ಸುಳ್ಳಾದ್ರೆ ಇತ್ಲಾಗ್ ಕೊಡು. ನಿಮ್ಮಜ್ಜನ ಜೊತೆ ನಲವತ್ತೊರ್ಷ ಬಾಳೇವು ಮಾಡೀನಿ, ಇವ್ನು ಯಾವ ಲೆಕ್ಕ?’

ಹೀಗೆಂದು ಸಿಪ್ಪೆ ಮೆತ್ತಿದ ಬೆರಳಿನಲ್ಲೇ ‘ಇಲ್ಲ’ ಒತ್ತಿದರು. ಅವರ ಮಟ್ಟಿಗೆ ಅದು ಅಪ್ಪಟ ಸತ್ಯ.

ಗುಂಡಿಗಳನ್ನು ಮರಳಿ ನನ್ನ ಕೈಗಿಟ್ಟರು. ನಾನು ತಮ್ಮೊಡನೆ ಕಾದಾಡಿದ ಮುಂದಿನ ಮುಕ್ಕಾಲು ತಾಸು ತಮಗೂ ನೆನಪಿರಬಹುದು. ಒಮ್ಮೆ ಸತ್ತ ತಾವು ಮೂರು ತಲೆ ಹೊತ್ತು ಮತ್ತೆ ಎದ್ದಾಗ ಅಜ್ಜಿ, ‘ಅಯ್ಯ, ಅಂಗಿ ಬದಲಿಸ್ಕಂಡ್ ಬಂದ್ನಲ್ಲೋ!’ ಎಂದು ನಕ್ಕ ರಭಸಕ್ಕೆ ನನಗೂ ನಗು ಬಂತು. ಆ ನಗುವಿನಲ್ಲೇ ತಮ್ಮ ಮೂರೂ ತಲೆ ಉರುಳಿದವು.

ಅಪ್ಪ ಬಂದರು. ಗೆದ್ದೆನೆಂದೆ. ಅವರು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ‘ಆದ್ರೆ ಇಲ್ಲ ಅಂತ ಒತ್ತಿದ್ದು ಅಜ್ಜಿ’ ಎಂದೂ ಹೇಳಿಬಿಟ್ಟೆ.

‘ಹಂಗಾದ್ರೆ ಗೆದ್ದಿದ್ದು ನಮ್ಮವ್ವ. ರಿಪೇರಿ ಅಂಗಡಿಗೆ ಅವಳನ್ನೇ ಕಳಿಸ್ತೀನಿ.’

ಅಜ್ಜಿ ಹಣೆ ಚಚ್ಚಿಕೊಂಡರು. ‘ಸುಳ್ಳು ಹೇಳಬ್ಯಾಡ ಅಂದಿದ್ದು ಖರೆ. ಕೇಳ್ದಿದ್ರೂ ಖರೆ ಹೇಳು ಅಂತ ಯಾರಂದ್ರೋ?’

ಅಪ್ಪ ನನ್ನನ್ನೇ ನೋಡಿ, ‘ಯಾಕ, ಟ್ಯುಟೋರಿಯಲ್ ಅಂದ್ರೆ ಹೆದ್ರಿಕೆನಾ?’ ಎಂದರು. ‘ಹೌದು’ ಎಂದೆ. ಇನ್ನು ಬಾವಿಕಟ್ಟೆಯೇ ಗತಿ ಎಂದು ಕಣ್ಣು ಮುಚ್ಚಿದೆ. ಅಪ್ಪ ನಗಲಿಲ್ಲ. ‘ಹೆದ್ರಿಕಂಡೇ ಹೋಗು. ಬೆಳಗ್ಗೆ ಅಲ್ಲಿ, ಮಧ್ಯಾಹ್ನ ವಾಮದೇವಪ್ಪನ ಅಂಗಡೀಲಿ’ ಎಂದು ಕೈಕಾಲು ತೊಳೆಯಲು ಹೋದರು.

ಆದಕಾರಣ ತಮ್ಮಲ್ಲಿ ಅರಿಕೆ ಏನೆಂದರೆ, ‘ಹೌದು’, ‘ಇಲ್ಲ’ಗಳ ಕೆಳಗೆ ‘ಭಯವಿದೆ, ಆದರೂ ಬಂದಿದ್ದೇನೆ’ ಎಂಬ ಮೂರನೆಯ ಸಾಲನ್ನು ಕೂಡಲೇ ಬರೆಸಬೇಕು; ಬಾವಿಕಟ್ಟೆಯಿಂದ ಕೋಟೆಗೆ ಹರಿಹರ–ದಾವಣಗೆರೆ ಮಾದರಿಯಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಬಿಡಬೇಕು; ನನ್ನಿಂದ ಕಿತ್ತುಕೊಂಡ ಮೂವತ್ತಮೂರು ತಾಸುಗಳನ್ನು ಮರಳಿಸಬೇಕು. ದಿನವಿಡೀ ಬಟ್ಟೆ ಅಳೆಯುವ ಮನುಷ್ಯನಿಗೆ ನಿಂತ ಕಾಲಲ್ಲೇ ಹೊಳೆದದ್ದು, ಏಳಂತಸ್ತಿನ ಕೋಟೆಯಲ್ಲಿ ಕುಳಿತೇ ಇರುವ ತಮಗೆ ಹೊಳೆಯಲಿಲ್ಲವಲ್ಲ ಎಂಬುದೇ ವ್ಯಥೆ.

ಇಂದಿಗೂ ತಮಗೆ ಹೆದರುವ,
ತಮ್ಮ ವಿಶ್ವಾಸಿ,
ರುದ್ರಮುನಿ

ವಿ.ಸೂ.: ಟ್ಯುಟೋರಿಯಲ್ಲಿನ ಗಣಿತದ ಮೇಷ್ಟ್ರಿಗೆ ಕೊಂಬಿಲ್ಲ, ಬೆಂಕಿಯಿಲ್ಲ, ಬರೀ ಒಂದು ತುಂಡು ಸೀಮೆಸುಣ್ಣ, ಆದರೂ ಅವರ ಮುಂದೆ ತಾವು ಏನೇನೂ ಅಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ. ಕಲಿಯುವ ಮನಸ್ಸಿದ್ದರೆ ಬೆಳಗಿನ ಬ್ಯಾಚಿನಲ್ಲಿ ನನ್ನ ಬೆಂಚಿನಲ್ಲೇ ಒಂದು ಜಾಗವಿದೆ. ತಲೆ ಒಂದೇ ತರತಕ್ಕದ್ದು.