ದೊಡ್ಡಮ್ಮ, ಬೆಳ್ಳಕ್ಕಿ ಮತ್ತು ಸರ್ವಿಸ್ ರಸ್ತೆ

ನಮ್ಮ ದೊಡ್ಡಮ್ಮನಿಗೆ ಈ ಭೂಮಿಯ ಮೇಲೆ ಇರುವುದು ಒಂದೇ ಶತ್ರು. ಅದು ರಾಷ್ಟ್ರೀಯ ಹೆದ್ದಾರಿ!

ನಗಬೇಡಿ. ನಾದಿನಿಯ ಮೇಲೆ, ನೆರೆಮನೆಯವರ ಮೇಲೆ ಸಿಟ್ಟು ಕಟ್ಟಿಕೊಂಡವರು ಎಲ್ಲ ಊರಲ್ಲೂ ಸಿಗುತ್ತಾರೆ. ತನ್ನಷ್ಟಕ್ಕೆ ಮಲಗಿರುವ ರಸ್ತೆಯೊಂದನ್ನು ಎದುರು ನಿಂತು ಬೈಯುವವರು ನಾನು ಕಂಡಂತೆ ಇವರೊಬ್ಬರೇ. ಬ್ರಹ್ಮಾವರ ದಾಟಿ ಕುಂದಾಪುರದ ಕಡೆ ಬರುವಾಗ ಹೆದ್ದಾರಿಗೆ ತಾಗಿಕೊಂಡೇ ಅವರ ಮನೆ. ಬೆಳಿಗ್ಗೆ ಜಗಲಿಗೆ ಬಂದು ಮೊದಲ ಟ್ಯಾಂಕರಿಗೆ ಬೈದ ಮೇಲೆಯೇ ಅವರಿಗೆ ಕಾಫಿ ರುಚಿಸುವುದು. "ಹ್ವಾಯ್! ಎಂತಕ್ಕೆ ಬೊಬ್ಬೆ ಹೊಡಿತ್ರಿ? ನಾವೆಂತ ಕೆಪ್ಪರಾ?" ಎಂಬ ಅವರ ಕೂಗು ಟ್ಯಾಂಕರಿನ ಹಾರನ್ನಿಗಿಂತ ದೂರ ಹೋಗುತ್ತದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಪಾಲಿನ ಬೈಗುಳವೂ ರಸ್ತೆಗೇ ಸಂದಿತು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಕಳೆದ ಮಳೆಗಾಲದಿಂದ ಆ ತಮಾಷೆ ನಿಂತಿದೆ.

ಅವರ ಮನೆಯೆದುರಿನ ಬಸ್ ಸ್ಟಾಪಿನಲ್ಲಿ ಒಂದು ಗೋಳಿಮರವಿತ್ತು. ಹೆದ್ದಾರಿ ಅಗಲವಾದಾಗ ಸಾಲುಮರಗಳೆಲ್ಲ ಉರುಳಿದರೂ ಇದೂ ಮುಂದಿನ ಸ್ಟಾಪಿನ ಮಾವಿನಮರವೂ ಹೇಗೋ ಉಳಿದಿದ್ದವು. ಪ್ರತಿ ಮಳೆಗಾಲ ಗೋಳಿಮರದ ತುಂಬ ಬೆಳ್ಳಕ್ಕಿ ಗೂಡುಗಳು. ಬಸ್ಸಿಗೆ ಕಾಯುವವರ ತಲೆಯ ಮೇಲೆ ಹಿಕ್ಕೆ ಬಿದ್ದರೆ ದೊಡ್ಡಮ್ಮನ ತೀರ್ಪು ಒಂದೇ: ಕೊಡೆ ತಾರದವರ ತಪ್ಪು! ಕಳೆದ ಮಳೆಗಾಲ ಮರಿಗಳು ಕಣ್ಣು ಬಿಡುವ ಹೊತ್ತಿಗೆ ಮರದ ಬುಡದಲ್ಲಿ ಕೆಂಪು ಬಣ್ಣದ ಗುರುತು ಕಾಣಿಸಿಕೊಂಡಿತು. ಸರ್ವಿಸ್ ರಸ್ತೆ ಬರುತ್ತದಂತೆ, ಮರ ಹೋಗಬೇಕಂತೆ.

ಎಲ್ಲಿಯೋ ತಣ್ಣನೆಯ ಕೋಣೆಯಲ್ಲಿ ಕೂತು ಯಾರೋ ನಕ್ಷೆಯ ಮೇಲೊಂದು ಗೆರೆ ಎಳೆಯುತ್ತಾರೆ. ಆ ಗೆರೆ ಒಂದು ಮರದಷ್ಟು ಬಾಗಿದರೆ ಅದರ ಮಾನ ಹೋಗುತ್ತದೆಯೇ? ಗದ್ದೆಯ ನೀರು ಹರಿಯುವ ತೋಡಿಗೆ ಮಣ್ಣು ತುಂಬಿದ್ದೂ ಇದೇ ಗೆರೆ. ಮಳೆ ಬಂದರೆ ನಮ್ಮ ಅಂಗಳಗಳನ್ನು ಕೆರೆ ಮಾಡಿದ್ದೂ ಇದೇ ಗೆರೆ. ಗೆರೆ ಎಳೆದವನ ಅಂಗಳಕ್ಕೆ ಮಾತ್ರ ನೀರು ಬರುವುದಿಲ್ಲ!

ದೊಡ್ಡಮ್ಮ ತೆಂಗಿನಕಾಯಿ ಸಿಪ್ಪೆ ಹಿಡಿದು ಕೆಂಪು ಬಣ್ಣ ತಿಕ್ಕಿ ತೆಗೆದರು. ಮಾರನೆಯ ದಿನ ರಸ್ತೆಯ ಕೆಲಸದವರು ಮತ್ತೆ ಬಳಿದರು. ಇವರು ಮತ್ತೆ ತಿಕ್ಕಿದರು. ಕೊನೆಗೆ ಎಂಜಿನಿಯರೇ ಜೀಪಿನಲ್ಲಿ ಬಂದ. ಘಟ್ಟದ ಮೇಲಿನವನು, ಮಾತು ಮೃದು.

"ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಬಾರದಮ್ಮ."

"ನಾ ಎಲ್ ಅಡ್ಡಿ ಮಾಡ್ದೆ? ಮರಿ ಹಾರುವರಿಗೆ ತಡಿನಿ ಮರ್ರೆ, ಸಾಕ್. ಮತ್ತೆ ಮರದ್ ಮಾತ್ ಮಾತಾಡುವ."

"ಆಯ್ತಮ್ಮ, ನೋಡೋಣ."

ನೋಡಿದರು! ದೊಡ್ಡಮ್ಮ ಯಾವ ದಿನ ಮನೆಯಲ್ಲಿರುವುದಿಲ್ಲ ಎಂದು ನೋಡಿದರು. ಅವರು ಬೈಂದೂರಿನ ತಂಗಿಯ ಮನೆಗೆ ಹೋದ ದಿನವೇ ಗರಗಸ ಬಂತು.

ಸಂಜೆ ಬಸ್ಸಿನಲ್ಲಿ ಮರಳುವಾಗ ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ. ದೊಡ್ಡಮ್ಮ ಏಳಲಿಲ್ಲ.

"ಅಮ್ಮ, ಇಳಿನಿ. ನಿಮ್ ಸ್ಟಾಪ್ ಬಂತಲೆ?"

"ಇದ್ ನಮ್ದಲ್ಲ. ನಮ್ ಸ್ಟಾಪಂಗೆ ಮರ ಇತ್" ಎಂದು, ಮರ ಇನ್ನೂ ಇದೆಯೆಂದೇ ನಂಬಿ, ಗಟ್ಟಿಯಾಗಿ ಹೇಳಿ ಕೂತೇಬಿಟ್ಟರು. ಇಡೀ ಬಸ್ಸು ನಕ್ಕಿತಂತೆ. ಮುಂದಿನ ಸ್ಟಾಪಿನ ಮಾವಿನಮರ ಕಂಡಾಗಲೇ ಅವರಿಗೆ ನಡೆದದ್ದು ಹೊಳೆದದ್ದು. ಇಳಿದು ಮಳೆಯಲ್ಲೇ ಹಿಂದಕ್ಕೆ ನಡೆದರು.

ನನಗೆ ಫೋನು ಬಂತು. ಕುಂದಾಪುರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ತಲೆ ನರೆತರೂ ದೊಡ್ಡಮ್ಮನಿಗೆ ನಾನು ಇನ್ನೂ ಮಾಣಿಯೇ. "ಮಾಣಿ, ದೊಡ್ ಬುಟ್ಟಿ ಒಂದ್ ತಕಂಡ್ ಬಾ. ಎಂತಕ್ಕೆ ಅಂದೇಳಿ ಕೇಣ್ಬೇಡ."

ಹೋಗಿ ನೋಡಿದರೆ ಕೊಂಬೆಗಳ ರಾಶಿ, ಕೆಸರಿನಲ್ಲಿ ಒಡೆದ ಮೊಟ್ಟೆ, ಸತ್ತ ಮರಿಗಳು, ಸುತ್ತ ಕಾಗೆ ಮತ್ತು ನಾಯಿ. ದೊಡ್ಡಮ್ಮ ತಲೆಗೆ ಮಳೆ ಸುರಿಸಿಕೊಳ್ಳುತ್ತ ಕೊಡೆಯನ್ನು ಮಗುಚಿ ಹಿಡಿದು, ಬದುಕಿದ್ದ ಮರಿಗಳನ್ನು ಒಂದೊಂದಾಗಿ ಹೆಕ್ಕಿ ಅದರೊಳಗೆ ಹಾಕುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಅವರು ಯಾರಿಗೂ ಬೈಯುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು.

ಇನ್ನು ಮರಿಗಳ ಊಟ. ಬೆಳ್ಳಕ್ಕಿ ಮರಿ ಅನ್ನ ಸಾರು ಉಣ್ಣುತ್ತದೆಯೇ? ಅದಕ್ಕೆ ಮೀನೇ ಆಗಬೇಕು. ನಮ್ಮ ದೊಡ್ಡಮ್ಮನೋ, ಮೀನಿನ ಬುಟ್ಟಿ ಎದುರಾದರೆ ಸೆರಗಿನಿಂದ ಮೂಗು ಮುಚ್ಚಿ ದಾರಿ ಬಿಡುವವರು! ಮಡಿ, ಮೈಲಿಗೆ, ಏಕಾದಶಿ ಒಂದೂ ತಪ್ಪಿದ್ದಿಲ್ಲ. ಅಂಥವರು ಮರುದಿನ ಗೇಟಿನ ಹೊರಗೆ ನಿಂತು, ಊರಿಗೆ ಮೀನು ತರುವ ಹೆಂಗಸನ್ನು ಕರೆದೇಬಿಟ್ಟರು.

ಆಕೆ ಬುಟ್ಟಿ ಇಳಿಸಲೇ ಇಲ್ಲ. "ಅಮ್ಮ, ನಿಮ್ಗೆ ಮೀನಾ? ಇವತ್ ಲೋಕ ಮುಳುಗತ್ತಾ ಎಂತ?"

"ನಂಗಲ್ಲ, ಮಕ್ಳಿಗೆ. ಸಣ್ದ್ ಕೊಡ್. ಮುಳ್ ಇಲ್ದಿದ್ದ್."

"ಮುಳ್ ಇಲ್ದಿದ್ ಮೀನ್ ಬೇಕಾರೆ ಬದ್ನೆಕಾಯಿ ತಕಣಿ!"

ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ, ಮೀನು ಸಿಗುವುದೇ ಕಷ್ಟ. ಆದರೂ ಆಕೆ ದಿನಾ ಹೊಳೆಯ ಸಣ್ಣ ಮೀನು ಹುಡುಕಿ ತಂದಳು. ದನದ ಹಟ್ಟಿಯ ಮೂಲೆಯಲ್ಲಿ ದೊಡ್ಡಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೀನು ಹೆಚ್ಚುವುದು, ಮರಿಗಳು ಅದನ್ನು ನುಂಗಿ ಅರ್ಧ ಅವರ ಸೀರೆಗೇ ಕಕ್ಕುವುದು, ಇವರು ಬಾವಿಕಟ್ಟೆಗೆ ಓಡಿ ಸ್ನಾನ ಮಾಡುವುದು, ಬರುವಷ್ಟರಲ್ಲಿ ಅವಕ್ಕೆ ಮತ್ತೆ ಹಸಿವು!

ಅಷ್ಟರಲ್ಲಿ ಮುಂದಿನ ಸ್ಟಾಪಿನ ಮಾವಿನಮರಕ್ಕೂ ಕೆಂಪು ಬಣ್ಣ ಬಿತ್ತು. ಅದರಲ್ಲೂ ಗೂಡುಗಳಿದ್ದವು. "ಮಾಣಿ, ಕಾರ್ ತಕಂಬಾ" ಎಂದರು ದೊಡ್ಡಮ್ಮ. ಮರಿಗಳನ್ನು ಬಿಟ್ಟು ಹೋಗುವಂತಿಲ್ಲವಲ್ಲ, ಬುಟ್ಟಿಯೂ ಹೊರಟಿತು. ನನ್ನ ಕಾರಿನ ವಾಸನೆಯ ವಿಷಯ ಇಲ್ಲಿ ಬೇಡ.

ಹೆದ್ದಾರಿ ಕಚೇರಿಯಲ್ಲಿ ಎಂಜಿನಿಯರು ಮೇಜಿನ ತುಂಬ ನಕ್ಷೆ ಹರಡಿಕೊಂಡಿದ್ದ. "ಅಭಿವೃದ್ಧಿ ಬೇಡವಾ ಅಮ್ಮ? ಒಂದು ಮರ ಕಡಿದರೆ ಹತ್ತು ಗಿಡ ನೆಡ್ತೀವಿ."

ದೊಡ್ಡಮ್ಮ ಬುಟ್ಟಿಯನ್ನು ನಕ್ಷೆಯ ಮೇಲೇ ಇಟ್ಟು ಮುಚ್ಚಿದ ಬಟ್ಟೆ ತೆಗೆದರು. "ಅದನ್ನ ಇವಕ್ಕೇ ಹೇಳಿ. ನಾವ್ ಗಿಡ ನೆಡ್ತೊ, ಅದ್ ಮರ ಆಪುವರಿಗೆ ನೀವ್ ಗಾಳಿಯಂಗೆ ಕೂಕಣಿ ಅಂದೇಳಿ, ಹೇಳಿ ಕಾಂಬ!"

ಮರಿಗಳು ತಿಂದದ್ದರಲ್ಲಿ ಅರ್ಧ ಕಕ್ಕುತ್ತವೆ ಎಂದು ಹೇಳಿದೆನಲ್ಲ? ಗಾಬರಿಯಾದರೆ ಪೂರ್ತಿ ಕಕ್ಕುತ್ತವೆ. ಫ್ಯಾನಿನ ಸದ್ದಿಗೆ ಗಾಬರಿಯಾದವು. ಸರ್ವಿಸ್ ರಸ್ತೆ ಶುರುವಿನಿಂದ ಕೊನೆಯವರೆಗೆ ಒದ್ದೆಯಾಯಿತು! ಕಚೇರಿಯವರೆಲ್ಲ ಮೂಗು ಹಿಡಿದು ಹೊರಗೆ ಓಡಿದರು. ದೊಡ್ಡಮ್ಮ ಮಾತ್ರ ಕದಲಲಿಲ್ಲ. "ನಿಮ್ಗೆ ಒಂದ್ ಗಳ್ಗೆ ತಡುಕಾತಿಲ್ಲೆ. ಇವು ಮನಿ ಕಳ್ಕಂಡಿದ್ದೊ."

ಎಂಜಿನಿಯರು ಬಾಗಿಲಿನಾಚೆ ನಿಂತೇ, ಮರಿ ಹಾರುವವರೆಗೆ ಮಾವಿನಮರ ಮುಟ್ಟುವುದಿಲ್ಲ ಎಂದ. ಈ ಸಲ ದೊಡ್ಡಮ್ಮ ನಂಬಲಿಲ್ಲ. ಮಾವಿನಮರದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಬುಟ್ಟಿ ಇಟ್ಟುಕೊಂಡು ದಿನವೂ ಕೂತರು. ವ್ಯಾಪಾರ ಮುಗಿಸಿದ ಮೀನಿನ ಹೆಂಗಸೂ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಎರಡು ಸಲ ಬಂದ ಯಂತ್ರ ಇಬ್ಬರ ಬಾಯಿಗೆ ಹೆದರಿ ಹಿಂದೆ ಹೋಯಿತು.

ಗೆದ್ದೆವು ಅಂದುಕೊಂಡಿರಾ? ಮರಿಗಳು ಹಾರಿದ ಮೇಲೆ ಮಾವಿನಮರವನ್ನೂ ಕಡಿದರು. ಸರ್ವಿಸ್ ರಸ್ತೆ ಇವತ್ತಿಗೂ ಆಗಿಲ್ಲ. ಗೋಳಿಮರವಿದ್ದಲ್ಲಿ ಒಂದು ಹೊಂಡವಿದೆ, ಹೊಂಡದಲ್ಲಿ ನೀರಿದೆ. ಕಡಿಯುವಾಗ ಇದ್ದ ಅವಸರ ಕಟ್ಟುವಾಗ ಎಲ್ಲಿ ಹೋಯಿತು, ಕೇಳುವವರು ಯಾರು?

ಹಟ್ಟಿಯ ಮರಿಗಳೂ ಒಂದೊಂದಾಗಿ ಹಾರಿಹೋದವು. ದೀಪಾವಳಿಯ ಹೊತ್ತಿಗೆ ನಾನು ಹೋದಾಗ ಗದ್ದೆಯಲ್ಲಿ ಕೊಯ್ಲಿನ ಯಂತ್ರ ಓಡುತ್ತಿತ್ತು. ಅದರ ಹಿಂದೆ ಹುಳ ಹೆಕ್ಕುತ್ತ ಬೆಳ್ಳಕ್ಕಿಗಳ ದೊಡ್ಡ ಹಿಂಡು. ದೊಡ್ಡಮ್ಮ ನನ್ನ ಕೈ ಹಿಡಿದು ಗದ್ದೆಯಂಚಿಗೆ ಬಂದರು. ತಮ್ಮವು ಯಾವುವೆಂದು ಗುರುತು ಸಿಗಲಿಲ್ಲ. ಬಾಯಿಗೆ ಅಂಗೈ ಅಡ್ಡ ಹಿಡಿದು ಎಲ್ಲವನ್ನೂ ಸೇರಿಸಿ ಕೂಗಿದರು:

"ಹ್ವಾಯ್! ಊಟ ಆಯ್ತಾ ಮಕ್ಳೆ?"

ಒಂದೂ ತಿರುಗಿ ನೋಡಲಿಲ್ಲ.

"ಒಳ್ಳೇದಾಯ್ತ್" ಎಂದರು ದೊಡ್ಡಮ್ಮ. "ಮನ್ಶರನ್ನ ನಂಬುಕಾಗ ಅಂದೇಳಿ ಕಲ್ತಿದ್ದೊ."

ಹಾಗೆ ಹೇಳಿದವರು ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.